ಎರಡೂ ಚೌಕಕ್ಕೆ ಟಿಕ್

ಮಾರ್ಚ್ 3, ಸೋಮವಾರ

ಇವಳು ಬೆಳಗಿನ ಆರೂವರೆ ಬಸ್ಸಿಗೆ ಹೊರಟಳು. ಅವಳ ಅಕ್ಕನಿಗೆ ಮಂಡಿ ಆಪರೇಷನ್, ನೋಡಿಕೊಳ್ಳಲು ಯಾರಾದರೂ ಬೇಕು, ಇಪ್ಪತ್ತೆರಡರವರೆಗೆ ಅಲ್ಲೇ ಇರುತ್ತಾಳೆ. ಬಸ್ಸು ಬಿಟ್ಟದ್ದು ಆರು ಮೂವತ್ತೆಂಟಕ್ಕೆ. ಎಂಟು ನಿಮಿಷ ತಡ ಎಂದು ಕಂಡಕ್ಟರನಿಗೆ ಹೇಳಿದೆ. "ನಿಮ್ಮ ಗಡಿಯಾರ ಸರಿ ಇದೆಯಾ ನೋಡಿ ಸಾರ್" ಅಂದ. ನನ್ನ ಗಡಿಯಾರಕ್ಕೆ!

ಇವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಮೂರನೇ ಸಲ ಅದನ್ನೇ ಹೇಳಿದಳು. "ರೀ, ನನ್ನ ಫೋಲ್ಡರನ್ನ ಪೆನ್‌ಡ್ರೈವ್‌ಗೆ ಹಾಕಿಡಿ ಅಂದ್ನಲ್ಲ, ಮರೀಬೇಡಿ. ಆ ಕಂಪ್ಯೂಟರು ಇವತ್ತೋ ನಾಳೆಯೋ ಅಂತಿದೆ." ಹೂಂ ಅಂದೆ.

ಫೋಲ್ಡರು ಎಂದರೆ ಇವಳ ಪುಸ್ತಕ. ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ನಿವೃತ್ತಿಯಾದ ಮೇಲೆ ಮೂರು ವರ್ಷದಿಂದ ಆ ನೆನಪುಗಳನ್ನೆಲ್ಲ ಕೂತು ಟಕಟಕ ಕುಟ್ಟುತ್ತಿದ್ದಾಳೆ. ತಿಂಗಳ ಕೊನೆಗೆ ಹಳೆಯ ಆಪರೇಟರುಗಳೆಲ್ಲ ಒಂದು ಕಡೆ ಸೇರುತ್ತಾರಂತೆ, ಎಲ್ಲರ ಕೈಗೂ ಒಂದೊಂದು ಪ್ರತಿ ಕೊಡಬೇಕಂತೆ, ಅದಕ್ಕೆ ಇಪ್ಪತ್ತನಾಲ್ಕನೇ ತಾರೀಖು ಪ್ರೆಸ್ಸಿಗೆ ಹೋಗಬೇಕಂತೆ. ನಾನೂ ಮೂವತ್ತೆರಡು ವರ್ಷ ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದೆ. ನಾನೇನು ಪುಸ್ತಕ ಬರೆದೆನೆ? ಅವಳು ಬರೆದದ್ದರಲ್ಲಿ ಒಂದು ಸಾಲನ್ನೂ ನಾನು ಓದಿಲ್ಲ. ಓದಿ ನೋಡಿ ಎಂದು ಅವಳು ಕೇಳಿದ್ದು ಒಂದೇ ಸಲ, ಆಗ ನನ್ನ ಕನ್ನಡಕ ಸಿಕ್ಕಿರಲಿಲ್ಲ.

ಮಾರ್ಚ್ 5, ಬುಧವಾರ

ಕಂಪ್ಯೂಟರ್ ಆನ್ ಮಾಡಿದೆ. ಹನ್ನೆರಡು ವರ್ಷದ ಹಿಂದೆ ನಮ್ಮ ಆಫೀಸಿನವರು ಹಳೆಯದನ್ನೆಲ್ಲ ಹರಾಜು ಹಾಕಿದಾಗ ತಂದದ್ದು. ಎದ್ದು ಕೂರಲು ಏಳು ನಿಮಿಷ ಹತ್ತು ಸೆಕೆಂಡು ತೆಗೆದುಕೊಂಡಿತು. ಒಳಗೆ ಯಾರೋ ಹಲ್ಲು ಕಡಿಯುವ ಸದ್ದು. ಮೂಲೆಯಲ್ಲಿ ಒಂದು ಸೂಚನೆ ಬಂತು: ಡಿಸ್ಕಿನಲ್ಲಿ ತಪ್ಪುಗಳಿರಬಹುದು, ಪರೀಕ್ಷಿಸಿ.

ಪರೀಕ್ಷೆ ಎಂದರೆ ನನ್ನ ಕಸುಬು. ಒತ್ತಿದೆ. ಎರಡು ಖಾಲಿ ಚೌಕ ಬಂದವು. ಒಂದರ ಮುಂದೆ, ತಪ್ಪುಗಳನ್ನು ತಾನಾಗಿಯೇ ಸರಿಪಡಿಸು ಎಂದಿತ್ತು. ಇನ್ನೊಂದರ ಮುಂದೆ, ಕೆಟ್ಟ ಜಾಗಗಳನ್ನು ಹುಡುಕಿ ಉಳಿಸಲು ಪ್ರಯತ್ನಿಸು ಎಂದು. ನಮ್ಮ ಇಲಾಖೆಯ ಫಾರಮ್ಮಿನಲ್ಲಿ ಒಂದು ಚೌಕ ಖಾಲಿ ಬಿಟ್ಟರೂ ಮೇಲಿನವರು ಮೆಮೊ ಕೊಡುತ್ತಿದ್ದರು. ಖಾಲಿ ಚೌಕ ಎಂದರೆ ಇನ್ಸ್‌ಪೆಕ್ಟರ್ ಅಂಗಡಿಗೆ ಹೋಗೇ ಇಲ್ಲ ಎಂದರ್ಥ. ಎರಡಕ್ಕೂ ಟಿಕ್ ಹಾಕಿದೆ.

ಪೆನ್‌ಡ್ರೈವ್ ಕೈಯಲ್ಲೇ ಇತ್ತು. ಮೊದಲು ನಕಲು ಮಾಡಲೇ ಎಂದು ಒಂದು ಸಲ ಅನ್ನಿಸಿತು. ಕೊಳೆ ಪಾತ್ರೆಯಿಂದ ಯಾಕೆ ಬಗ್ಗಿಸಿಕೊಳ್ಳಬೇಕು, ತೊಳೆದ ಮೇಲೆ ಬಗ್ಗಿಸಿದರಾಯಿತು ಎಂದು ಬಿಟ್ಟೆ. ಕಪ್ಪು ಪರದೆಯ ಮೇಲೆ ಶೇಕಡಾ ಲೆಕ್ಕ ಓಡುತ್ತಿದೆ. ಸಂಜೆ ಇವಳು ಫೋನ್ ಮಾಡಿದಳು. ಅಕ್ಕ ನಡೆಯಲು ಹಟ ಮಾಡುತ್ತಾರಂತೆ. ನಾನು ಕಂಪ್ಯೂಟರಿನ ವಿಷಯ ಎತ್ತಲಿಲ್ಲ. ಬಂದಾಗ ಹೊಸದರಂತೆ ಓಡುವುದನ್ನು ನೋಡಲಿ.

ಮಾರ್ಚ್ 6, ಗುರುವಾರ

ಹತ್ತೊಂಬತ್ತು ಗಂಟೆಯಾದ ಮೇಲೆ ಮುಗಿಯಿತು. ತಪ್ಪುಗಳನ್ನು ಸರಿಪಡಿಸಲಾಗಿದೆ ಎಂದು ಬರೆದಿತ್ತು.

ಇವಳ ಫೋಲ್ಡರು ಇದೆ. ಒಳಗೆ ಏನೂ ಇಲ್ಲ.

ನಾಲ್ಕು ಸಲ ಮುಚ್ಚಿ ತೆರೆದೆ. ಸಂಜೆ ಫೋನಿನಲ್ಲಿ ಇವಳು ಕೇಳಿದಳು, "ಪೆನ್‌ಡ್ರೈವ್‌ಗೆ ಹಾಕಿದ್ರಾ?"

"ಹಾಕಿದೆ."

"ಅಬ್ಬ! ನೀವು ಹೇಳಿದ ವಾರವೇ ಒಂದು ಕೆಲಸ ಮಾಡಿದ್ದು ಇದೇ ಮೊದ್ಲು" ಎಂದು ನಕ್ಕಳು.

ಮಾರ್ಚ್ 7, ಶುಕ್ರವಾರ

ಕಂಪ್ಯೂಟರನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಹಿಂದಿನ ಬೀದಿಯ ಜೆರಾಕ್ಸ್ ಅಂಗಡಿಗೆ ಹೊತ್ತೊಯ್ದೆ. ಅಲ್ಲಿಯ ಯಜಮಾನಿ ರಿಪೇರಿಯನ್ನೂ ಮಾಡುತ್ತಾಳೆ. ನಲವತ್ತೈದರ ಹೆಂಗಸು, ಕತ್ತಿನಲ್ಲಿ ದಾರ ಕಟ್ಟಿದ ಕನ್ನಡಕ, ಮೇಜಿನ ತುಂಬ ಬಿಚ್ಚಿಟ್ಟ ಯಂತ್ರಗಳು. ಎಲ್ಲಿ ನೋಡಿದರೂ ಧೂಳು. ನಾನು ಹೇಳಿದ್ದನ್ನೆಲ್ಲ ಕೇಳಿ ಸ್ಕ್ರೂಡ್ರೈವರ್ ಕೆಳಗಿಟ್ಟಳು.

"ಎರಡಕ್ಕೂ ಟಿಕ್ ಹಾಕಿದ್ರಾ?"

"ಹಾಕಿದೆ."

"ನಕಲು ಇಟ್ಕೊಳ್ದೆ?"

"ಹೌದು."

"ಯಾರು ಹೇಳಿದ್ರು ಸಾರ್ ಹಾಗೆ ಮಾಡಿ ಅಂತ?"

"ಯಾರೂ ಹೇಳ್ಲಿಲ್ಲ. ಖಾಲಿ ಇತ್ತು, ಹಾಕಿದೆ."

ತಲೆ ಚಚ್ಚಿಕೊಂಡಳು, ನಿಜವಾಗಿಯೂ. "ನೋಡಿ, ಆ ರಿಪೇರಿಗೆ ಇದು ನಿಮ್ಮ ಮನೆಯವರ ಬರಹ ಅಂತ ಗೊತ್ತಿಲ್ಲ. ಅದಕ್ಕೆ ಡಿಸ್ಕಿನ ಲೆಕ್ಕ ತಾಳೆ ಆಗ್ಬೇಕು, ಅಷ್ಟೆ. ತಾಳೆ ಆಗದ್ದನ್ನ ಕತ್ತರಿಸಿ ಮೂಲೆಗೆ ಬಿಸಾಡುತ್ತೆ. ಡಿಸ್ಕು ಸರಿಹೋಯ್ತು, ಒಳಗಿದ್ದದ್ದು ಹೋಯ್ತು. ಮೊದಲು ನಕಲು, ಆಮೇಲೆ ರಿಪೇರಿ."

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಸಿಗುತ್ತದೋ ಇಲ್ಲವೋ ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನೀವು ತೂಕದ ಇನ್ಸ್‌ಪೆಕ್ಟರಲ್ವಾ? ನಮ್ಮಪ್ಪನ ದಿನಸಿ ಅಂಗಡಿಯಿಂದ ತಕ್ಕಡಿ ಎತ್ಕೊಂಡು ಹೋಗಿದ್ರಿ."

"ಎಷ್ಟು ವ್ಯತ್ಯಾಸ ಇತ್ತು?" ಬಾಯಿಗೆ ಬಂದುಬಿಟ್ಟಿತು.

"ಕಿಲೋಗೆ ಹನ್ನೆರಡು ಗ್ರಾಂ."

"ಹಾಗಾದ್ರೆ ಸರಿಯಾಗೇ ಎತ್ಕೊಂಡು ಹೋಗಿದ್ದೀನಿ."

"ಹೆಚ್ಚು ಕೊಡ್ತಿತ್ತು ಸಾರ್! ಗಿರಾಕಿಗೇ ಲಾಭ."

ಹೆಚ್ಚಾದರೂ ತಪ್ಪು ತಪ್ಪೇ ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಡಿಸ್ಕನ್ನು ಬಿಚ್ಚಿ ತೆಗೆದಳು. ಇನ್ನು ಮೇಲೆ ಇದರ ಮೇಲೆ ಒಂದಕ್ಷರವನ್ನೂ ಬರೆಯಕೂಡದು, ಬರೆದರೆ ಉಳಿದದ್ದೂ ಅಳಿಸಿಹೋಗುತ್ತದೆ ಎಂದಳು. ಮೊದಲು ಇಡೀ ಡಿಸ್ಕಿನ ನಕಲು ತೆಗೆಯಬೇಕು, ಮೂರು ದಿನ ಬೇಕು.

ಮಾರ್ಚ್ 10, ಸೋಮವಾರ

ನಕಲು ಆಗಿದೆ. ಯಜಮಾನಿ ನನ್ನನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡಳು. ಅವಳ ಪರೀಕ್ಷೆಯ ಪ್ರೋಗ್ರಾಮು ಬೇರೆ. ಅದರಲ್ಲಿ ಮೂರು ಆಯ್ಕೆ.

"ಓದಿ ಹೇಳ್ತೀನಿ, ನೀವೇ ಆರಿಸಿ. ಬರೀ ನೋಡು. ಕೇಳಿ ಸರಿಮಾಡು. ಕೇಳದೇ ಸರಿಮಾಡು. ಯಾವ್ದು?"

"ಬರೀ ನೋಡು."

"ಪರವಾಗಿಲ್ಲ, ಬೇಗ ಕಲಿತ್ರಿ."

ನಿಜ ಹೇಳಬೇಕೆಂದರೆ ಇದು ನನಗೆ ಮೊದಲೇ ಗೊತ್ತಿರಬೇಕಿತ್ತು. ತಪ್ಪು ತೂಗುವ ತಕ್ಕಡಿಯನ್ನು ನಾನು ಎಂದೂ ರಿಪೇರಿ ಮಾಡಿದವನಲ್ಲ. ನೋಡುವುದು ನನ್ನ ಕೆಲಸ, ರಿಪೇರಿಗೆ ಬೇರೆಯವರಿದ್ದರು. ಒಬ್ಬನೇ ಎರಡನ್ನೂ ಮಾಡಬಾರದು ಎಂಬುದು ಇಲಾಖೆಯ ಮೊದಲ ಪಾಠ.

ಒಂದು ಮೂಲೆಯಲ್ಲಿ ಇನ್ನೂರ ಹದಿನಾಲ್ಕು ಫೈಲು ಸಿಕ್ಕಿವೆ. ಹೆಸರಿಲ್ಲ, ತಾರೀಖಿಲ್ಲ, ಬರೀ ನಂಬರು. ಎಲ್ಲವನ್ನೂ ಒಂದು ಹೊಸ ಡಿಸ್ಕಿಗೆ ಹಾಕಿ, ಅದನ್ನು ಕಂಪ್ಯೂಟರಿಗೆ ಕೂರಿಸಿ ಕೊಟ್ಟಳು. ಹಳೆಯದರ ನಕಲು ಅಂಗಡಿಯಲ್ಲೇ ಇರಲಿ ಎಂದಳು.

"ಒಂದೊಂದೇ ತೆರೆದು ಓದಿ ಯಾವುದು ಏನು ಅಂತ ಗುರುತಿಸ್ಬೇಕು ಸಾರ್."

"ನಾನಾ?"

"ಮತ್ತೆ? ನಿಮ್ಮ ಮನೆಯವರು ಬರ್ದದ್ದು ನಿಮಗಲ್ದೆ ಇನ್ಯಾರಿಗೆ ಗುರುತು ಸಿಗುತ್ತೆ?"

ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಅಷ್ಟು ಮಾತ್ರಕ್ಕೆ ಅವಳಿಗೆ ಎಲ್ಲ ಅರ್ಥವಾಯಿತು ಎಂದು ಕಾಣುತ್ತದೆ, ಮತ್ತೆ ಕೆಣಕಲಿಲ್ಲ.

ಮಾರ್ಚ್ 12, ಬುಧವಾರ

ಇವಳ ನೋಟುಬುಕ್ಕಿನಲ್ಲಿ ಪರಿವಿಡಿ ಸಿಕ್ಕಿತು. ಮೂವತ್ತೊಂದು ಅಧ್ಯಾಯ. ಆದರೆ ಫೈಲು ಇನ್ನೂರ ಹದಿನಾಲ್ಕು, ಯಾಕೆಂದರೆ ಮಹಾತಾಯಿ ಒಂದು ಅಲ್ಪವಿರಾಮ ಬದಲಿಸಿದರೂ ಹೊಸ ಫೈಲು ಮಾಡಿದ್ದಾಳೆ. ಒಂದೇ ಅಧ್ಯಾಯ ಒಂಬತ್ತು ಸಲ. ಒಂಬತ್ತರಲ್ಲಿ ಕೊನೆಯದು ಯಾವುದು? ಓದದೆ ಗೊತ್ತಾಗುವುದಿಲ್ಲ. ಇವತ್ತು ನಲವತ್ತು ಓದಿದೆ. ಕಣ್ಣು ಉರಿ.

ಭಾಷೆಯಲ್ಲೂ ಶಿಸ್ತಿಲ್ಲ. ಫೋನ್ ಮಾಡಿದವರು ಆಡಿದ್ದನ್ನು ಆಡಿದ ಹಾಗೇ ಬರೆದಿದ್ದಾಳೆ, "ಅಮ್ಮೋರೇ, ಆ ನಂಬ್ರ ವಸಿ ಕೊಡಿ" ಅಂತೆಲ್ಲ. ಓದುತ್ತಾ ಓದುತ್ತಾ ತಿದ್ದಿದೆ. ಅಷ್ಟಾದರೂ ಉಪಕಾರವಾಗಲಿ.

ಮಾರ್ಚ್ 13, ಗುರುವಾರ

ಐವತ್ತೆರಡನೇ ಫೈಲಿನಲ್ಲಿ ಇವಳು ಹೀಗೆ ಬರೆದಿದ್ದಾಳೆ: "ನಾವು ಯಾರ ಮಾತನ್ನೂ ತಿದ್ದುವವರಲ್ಲ. ಈಚೆಯಿಂದ ಬಂದದ್ದನ್ನು ಬಂದ ಹಾಗೆಯೇ ಆಚೆಗೆ ದಾಟಿಸುವವರು."

ನಿನ್ನೆ ತಿದ್ದಿದ್ದನ್ನೆಲ್ಲ ಅಂಗಡಿಗೆ ಹೋಗಿ ಅಲ್ಲಿದ್ದ ನಕಲಿನ ಜೊತೆ ಹೋಲಿಸಿ ವಾಪಸು ಮಾಡಿದೆ. ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಇಡೀ ದಿನ ಇದಕ್ಕೇ ಹೋಯಿತು.

ಮಾರ್ಚ್ 15, ಶನಿವಾರ

ಮಂಗಳವಾರದ ಮನುಷ್ಯನ ಅಧ್ಯಾಯ ಸಿಕ್ಕಿತು. ಪ್ರತಿ ಮಂಗಳವಾರ ನಾಲ್ಕು ಗಂಟೆಗೆ ಒಬ್ಬ ಒಂದೇ ನಂಬರು ಕೇಳುತ್ತಿದ್ದನಂತೆ. ಆ ಕಡೆ ಬೆಲ್ಲು ಹೊಡೆಯುತ್ತದೆ, ಯಾರೂ ಎತ್ತುವುದಿಲ್ಲ. "ಇನ್ನೊಂಚೂರು ಹೊತ್ತು ಬಿಡಿ ಮೇಡಂ" ಅನ್ನುತ್ತಾನೆ. ನಿಯಮದ ಪ್ರಕಾರ ಒಂದು ನಿಮಿಷಕ್ಕೆ ಕತ್ತರಿಸಬೇಕು. ಇವಳು ಮೂರು ನಿಮಿಷ ಬಿಡುತ್ತಿದ್ದಳಂತೆ, ಆರು ವರ್ಷ. ಒಂದು ದಿನ ಯಾರೋ ಎತ್ತಿದರು. ಆತ ಏನೂ ಮಾತಾಡದೆ ಫೋನ್ ಇಟ್ಟುಬಿಟ್ಟ, ಮತ್ತೆ ಎಂದೂ ಮಾಡಲಿಲ್ಲ. ಮೂರು ನಿಮಿಷ ಬಿಟ್ಟದ್ದು ಸರಿಯಾಗಿಯೇ ಇದೆ.

ಸಂಜೆ ಫೋನಿನಲ್ಲಿ, ಆಮೇಲೆ ಆತ ಏನಾದ ಎಂದು ಇವಳನ್ನೇ ಕೇಳಲು ಹೊರಟು ನಾಲಿಗೆ ಕಚ್ಚಿಕೊಂಡೆ. "ಯಾಕ್ರೀ ಸುಮ್ನಾದ್ರಿ?" ಅಂದಳು. ಕೆಮ್ಮು ಅಂದೆ. ಜೇನುತುಪ್ಪ ಎಲ್ಲಿಟ್ಟಿದ್ದಾಳೆ ಎಂದು ಹೇಳಿದಳು. ಇಲ್ಲದ ಕೆಮ್ಮಿಗೆ ಎರಡು ಚಮಚ ತಿಂದೆ.

ಮಾರ್ಚ್ 17, ಸೋಮವಾರ

ಮೂವತ್ತು ಅಧ್ಯಾಯ ಪೂರ್ತಿ ಸಿಕ್ಕಿವೆ. ಒಂದೊಂದಕ್ಕೂ ಹೆಸರು ಕೊಟ್ಟು ಕ್ರಮವಾಗಿ ಇಟ್ಟಿದ್ದೇನೆ. ಬಾಕಿ ಒಂದೇ ಒಂದು, ಕೊನೆಯದು. ಪರಿವಿಡಿಯಲ್ಲಿ ಅದರ ಹೆಸರು "ನಮ್ಮ ಮನೆಯ ನಂಬರು". ಇನ್ನು ಅರವತ್ತು ಫೈಲು ಓದುವುದಿದೆ. ಈಗ ಬೇಸರವಿಲ್ಲ. ಆಪರೇಟರು ಯಾರ ಮಾತನ್ನೂ ಕೇಳಿಸಿಕೊಳ್ಳಬಾರದು, ಆದರೆ ಲೈನು ಸಿಕ್ಕಿತೇ ಎಂದು ತಿಳಿಯಲು ಒಂದು ಕ್ಷಣ ಕೇಳಲೇಬೇಕು. ಆ ಒಂದೊಂದು ಕ್ಷಣದಲ್ಲಿ ಕಿವಿಗೆ ಬಿದ್ದದ್ದೇ ಇವಳ ಇಡೀ ಪುಸ್ತಕ. ದಿನಾ ಸಂಜೆ ಇಷ್ಟನ್ನೆಲ್ಲ ಹೊತ್ತುಕೊಂಡು ಮನೆಗೆ ಬರುತ್ತಿದ್ದಳು. ನಾನು ಒಂದು ದಿನವೂ ಕೇಳಲಿಲ್ಲ.

ಮಾರ್ಚ್ 18, ಮಂಗಳವಾರ

ನೂರ ತೊಂಬತ್ತೇಳನೇ ಫೈಲು. ಇದ್ದ ಹಾಗೆಯೇ ಇಲ್ಲಿ ಇಳಿಸುತ್ತೇನೆ.

"ಮಧ್ಯಾಹ್ನ ನಾಲ್ಕು ಗಂಟೆಗೆ ನನ್ನ ತವರೂರಿನ ಆಪರೇಟರ್ ಒಂದು ನಂಬರು ಕೇಳಿದಳು. ಅದು ನಮ್ಮ ಮನೆಯ ನಂಬರು, ಇವರು ಅಂದು ಮನೆಯಲ್ಲೇ ಇದ್ದರು. ಜೋಡಿಸಿದೆ. ಲೈನು ಸಿಕ್ಕಿತೇ ಎಂದು ನೋಡುವಾಗ ಅಣ್ಣನ ದನಿ ಕೇಳಿಸಿತು, 'ಅಪ್ಪ ಹೋಗ್ಬಿಟ್ರು ಭಾವ.' ನಾನು ಕೇಳುವ ಕೀ ಎತ್ತಿ ಲೈನಿನಿಂದ ಹೊರಗೆ ಬರಬೇಕಿತ್ತು, ಕೈ ಏಳಲಿಲ್ಲ. ಇವರು ಅಂದರು, 'ಅವಳಿಗೆ ನಾನೇ ಹೇಳ್ತೀನಿ. ಹೇಗೂ ಬೆಳಿಗ್ಗೆವರೆಗೆ ಬಸ್ಸಿಲ್ಲ. ಊಟ ಆದ್ಮೇಲೆ ಹೇಳ್ತೀನಿ, ಇಲ್ದಿದ್ರೆ ಎರಡು ದಿನ ತುತ್ತು ಮುಟ್ಟಲ್ಲ.' ಆಗ ಕೀ ಎತ್ತಿದೆ. ಬದಲಿಗೆ ಬರುವವಳು ರಜೆಯಲ್ಲಿದ್ದಳು. ಇನ್ನೂ ಎರಡು ಗಂಟೆ ಹಲೋ, ಹಲೋ ಎನ್ನುತ್ತಾ ಕೂತಿದ್ದೆ. ಮನೆಗೆ ಬಂದಾಗ ಇವರೇ ಅಡುಗೆ ಮಾಡಿ ತಟ್ಟೆ ಹಾಕಿದ್ದರು. ಕೈ ತೊಳೆದು ಕೂತೆ. ಇವರು"

ಇಲ್ಲಿಗೆ ನಿಂತಿದೆ. ಮುಂದೆಲ್ಲ ಪ್ರಶ್ನೆಚಿಹ್ನೆ, ಡೊಂಕು ಗೆರೆ, ಅರ್ಥವಿಲ್ಲದ ಗುರುತುಗಳು.

ಇಪ್ಪತ್ತಾರು ವರ್ಷ. ಹೊಟ್ಟೆ ತುಂಬಿದ ಮೇಲೆ ಮೆಲ್ಲಗೆ ಹೇಳಿದೆ, ಎಷ್ಟು ಹದವಾಗಿ ಹೇಳಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಬಂದಿದ್ದೇನೆ. ಕೆಟ್ಟ ಸುದ್ದಿ ಹೇಳುವುದು ಹೇಗೆ ಎಂದು ಎಷ್ಟೋ ಜನಕ್ಕೆ ಇದನ್ನೇ ಉದಾಹರಣೆ ಕೊಟ್ಟಿದ್ದೇನೆ, ಇವಳ ಎದುರಿಗೇ.

ಮಾರ್ಚ್ 19, ಬುಧವಾರ

ಉಳಿದ ಫೈಲುಗಳನ್ನೆಲ್ಲ ನೋಡಿದೆ. ಆ ಅಧ್ಯಾಯ ಇನ್ನೆಲ್ಲೂ ಇಲ್ಲ. ಅಲ್ಪವಿರಾಮಕ್ಕೂ ಹೊಸ ಫೈಲು ಮಾಡುವವಳು ಇದನ್ನು ಮಾತ್ರ ಒಂದೇ ಸಲ ಬರೆದು ಮತ್ತೆ ಮುಟ್ಟಿಲ್ಲ.

ಅಂಗಡಿಗೆ ಓಡಿದೆ. ಯಜಮಾನಿ ಒಂದು ಗಂಟೆ ಹುಡುಕಿದಳು. "ಕೆಟ್ಟ ಜಾಗದ ಮೇಲೆ ಕೂತಿತ್ತು ಸಾರ್ ಅದು. ನಿಮ್ಮ ಎರಡನೇ ಟಿಕ್ಕು ಅಲ್ಲಿ ಕೈಹಾಕಿದೆ. ಇನ್ನು ಬರಲ್ಲ."

"ಸ್ವಲ್ಪವೂ?"

"ಇಲ್ಲ. ಅರ್ಧ ಪುಟ ತಾನೇ, ಅವರನ್ನೇ ಕೇಳಿ ಟೈಪ್ ಮಾಡಿಸಿ." ನನ್ನ ಮುಖ ನೋಡಿ ಎದ್ದುಹೋಗಿ ಒಂದು ಲೋಟ ನೀರು ತಂದುಕೊಟ್ಟಳು. ನಾನು ಅವಳಪ್ಪನ ತಕ್ಕಡಿ ತಂದವನು. ಆ ವಿಷಯಕ್ಕೆ ಕ್ಷಮೆ ಕೇಳಿದೆ. "ಅಯ್ಯೋ ಬಿಡಿ ಸಾರ್, ಅಪ್ಪ ಹೊಸ ತಕ್ಕಡಿ ತಗೊಂಡು ಉದ್ಧಾರ ಆದ್ರು" ಎಂದಳು.

ಮಾರ್ಚ್ 21, ಶುಕ್ರವಾರ

ಆ ಅರ್ಧ ಪುಟವನ್ನು ನಾನೇ ಬರೆಯಬಹುದು. ಆ ಮನೆಯಲ್ಲಿ ಅಂದು ಇದ್ದವರು ಇಬ್ಬರೇ, ಒಬ್ಬ ನಾನು. ಅವಳ ಶೈಲಿಯೂ ಈಗ ಕೈಗೆ ಬಂದಿದೆ, ಚಿಕ್ಕ ಚಿಕ್ಕ ವಾಕ್ಯ. ಬೆಳಿಗ್ಗೆ ಕೂತು "ಇವರು" ಎಂಬುದರ ಮುಂದೆ ಏಳು ಸಾಲು ಬರೆದೆ. ಅದರಲ್ಲಿ ಇವರು ತುಂಬ ಒಳ್ಳೆಯವರಾಗಿದ್ದರು.

ಅಳಿಸಿದೆ. ಇಡೀ ಅಧ್ಯಾಯವನ್ನೇ ಬಿಟ್ಟುಬಿಡೋಣ, ಅದು ಉಳಿಯಲಿಲ್ಲ ಎಂದರಾಯಿತು ಎಂದೂ ಒಂದು ಯೋಚನೆ ಬಂತು. ಅದನ್ನೂ ಮಾಡಲಿಲ್ಲ. ಮೂವತ್ತೊಂದನ್ನೂ ಎರಡು ಪೆನ್‌ಡ್ರೈವಿಗೆ ನಕಲು ಮಾಡಿದೆ. ಭಯವಾಗುತ್ತಿದೆ. ಅವಳು ಬೈಯುತ್ತಾಳೆ ಎಂದಲ್ಲ. ನನ್ನ ಬಗ್ಗೆ ಮುಂದೆ ಏನು ಬರೆದಿದ್ದಳು ಎಂದು.

ಮಾರ್ಚ್ 22, ಶನಿವಾರ

ಬಸ್ಸು ತಡವಾಗಿ ಬಂತು. ಎಷ್ಟು ಎಂದು ನೋಡಲಿಲ್ಲ. ಇವಳು ಸೊರಗಿದ್ದಾಳೆ.

ಚಹಾ ಕುಡಿದು ಮುಗಿಸಲಿ ಎಂದುಕೊಂಡವನು ಮನಸ್ಸು ಬದಲಿಸಿದೆ. ಇನ್ನು ಅದಾದ ಮೇಲೆ ಇದಾದ ಮೇಲೆ ಎಂದು ಕಾಯುವುದು ಬೇಡ. ಬಾಗಿಲಲ್ಲೇ, ಅವಳ ಚೀಲ ನನ್ನ ಕೈಯಲ್ಲಿರುವಾಗಲೇ ಎಲ್ಲ ಹೇಳಿದೆ. ನಕಲು ಮಾಡಿರಲಿಲ್ಲ. ಸುಳ್ಳು ಹೇಳಿದೆ. ರಿಪೇರಿ ಮಾಡಲು ಹೋಗಿ ಕೆಡಿಸಿದೆ. ಮೂವತ್ತು ಸಿಕ್ಕಿದೆ, ಕೊನೆಯದರಲ್ಲಿ ಅರ್ಧ ಹೋಗಿದೆ. ಎಲ್ಲವನ್ನೂ ಓದಿದೆ. ಕೊನೆಯದನ್ನೂ.

"ನಿಮ್ಮನ್ನ ನಂಬಿ ಹೋದ್ನಲ್ಲ, ನನ್ನ ಬುದ್ಧಿಗಿಷ್ಟು!" ಎಂದಳು. "ಮೂರು ವರ್ಷದ ಕೆಲಸ ಕಣ್ರೀ. ದಿನಾ ಫೋನಿನಲ್ಲಿ ಹೂಂ ಹೂಂ ಅಂತಿದ್ರಲ್ಲ, ನಾಚಿಕೆ ಆಗ್ಲಿಲ್ವಾ?" ಆಯಿತು ಎಂದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಸಂಜೆಯವರೆಗೆ ಹೊರಗೆ ಬರಲಿಲ್ಲ.

ಮಾರ್ಚ್ 23, ಭಾನುವಾರ

ಬೆಳಿಗ್ಗೆ ಕರೆದಳು. ಕೊನೆಯ ಅಧ್ಯಾಯ ತೆರೆದಿತ್ತು.

"ಇದನ್ನ ಒಂದೇ ಸಲ ಬರ್ದೆ. ಎರಡನೇ ಸಲ ಓದೋಕೂ ಆಗಿರ್ಲಿಲ್ಲ. ನಾಳೆ ಪ್ರೆಸ್ಸಿಗೆ ಹೋಗ್ಬೇಕು, ಕೂತ್ಕೊಳ್ಳಿ."

ಕೂತೆ. ಮುಂದೆ ಏನಿತ್ತು ಎಂದು ಕೇಳಿದೆ. ಅವಳು ನನ್ನ ಕಡೆ ತಿರುಗದೆ ಪರದೆಯನ್ನು ನೋಡುತ್ತಲೇ ಹೇಳಿದಳು.

"ಇವರು ಇನ್ನೊಂದ್ಸಲ ಬಡಿಸ್ಕೊಂಡ್ರು, ಅಂತ. ನಮ್ಮಪ್ಪ ಸತ್ತ ಸುದ್ದಿ ಬಂದು ಮೂರು ಗಂಟೆ ಆಗಿದೆ, ಗೊತ್ತಿದ್ದೂ ಈ ಮನುಷ್ಯ ಎರಡನೇ ಸಲ ಬಡಿಸ್ಕೊಂಡು ಉಂಡ್ರು, ನಾನು ಎದುರಿಗೆ ಕೂತು ನೋಡಿದೆ, ಅಂತ. ಅಷ್ಟೇ ಇದ್ದದ್ದು."

ನಾನು ಬಡಿಸಿಕೊಂಡದ್ದು ನಿಜ. ಅದು ನನಗೆ ಚೆನ್ನಾಗಿ ನೆನಪಿದೆ.

"ನಾನು ಅಲ್ಲಿಗೇ ಕೈ ನಿಲ್ಲಿಸಿದ್ರೆ ನೀನು ಎದ್ದುಬಿಡ್ತಿದ್ದೆ" ಎಂದೆ. "ಅರ್ಧವೂ ತಿಂದಿರ್ಲಿಲ್ಲ ನೀನು. ನಾನು ತಿಂತಾ ಇದ್ರೆ ಜೊತೆಗೆ ಇನ್ನೆರಡು ತುತ್ತಾದ್ರೂ ತಿಂತೀಯ ಅಂತ ಬಡಿಸ್ಕೊಂಡೆ. ನೀನು ಕೈ ತೊಳೆಯೋಕೆ ಹೋದಾಗ ನಾನು ಮನೆ ಹಿಂದಕ್ಕೆ ಹೋಗಿ ಉಂಡದ್ದನ್ನೆಲ್ಲ ಕಕ್ಕಿದೆ. ಆಮೇಲೆ ಬಾಯಿ ತೊಳ್ಕೊಂಡು ಬಂದು ನಿಂಗೆ ಹೇಳಿದ್ದು."

ಅವಳು ಕೀಲಿಗಳ ಮೇಲಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು. "ನೀವು ತಿಂತಿದ್ದೀರಲ್ಲ ಅಂತಲೇ ನಾನೂ ತಿಂದೆ. ಒಂದು ತುತ್ತೂ ಗಂಟಲಲ್ಲಿ ಇಳೀತಿರ್ಲಿಲ್ಲ. ನೀವೇ ಮಾಡಿ ಹಾಕಿದ್ರಿ. ಬಿಟ್ಟು ಎದ್ರೆ, ಇವಳಿಗೆ ಗೊತ್ತಾಗ್ಬಿಟ್ಟಿದೆ ಅಂತ ನಿಮಗೆ ತಿಳಿದುಹೋಗುತ್ತಲ್ಲ ಅಂತ."

ನನಗೆ ಅಳು ಬಂತು, ಅತ್ತೆ. ಅವಳು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, "ಇವರು" ಎಂಬುದರ ಮುಂದಿದ್ದ ಡೊಂಕು ಗೆರೆಗಳನ್ನೆಲ್ಲ ಅಳಿಸಿದಳು.

"ಹೇಳಿ" ಎಂದಳು. "ಅಣ್ಣನ ಫೋನ್ ಇಟ್ರಿ. ಆಮೇಲೆ ಏನ್ಮಾಡಿದ್ರಿ? ಒಂದೊಂದಾಗಿ ಹೇಳಿ, ನಿಧಾನಕ್ಕೆ."

ಹೇಳಿದೆ. ಅವಳು ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಟೈಪ್ ಮಾಡಿದಳು.